ಮ್ಯಾಡ್ರಿಡ್ ನಗರವನ್ನು ಕಾಯ್ದ ಸೇನಾನಿ: ವಿಸೆಂತೆ ರೋಹೋ

ಸ್ಪೇನ್ ದೇಶದ ಅಂತರ್ಯುದ್ಧವೆಂದೊಡನೆ ನಮ್ಮವರಿಗೆ ನೆನಪಾಗುವ ಹೆಸರು ಜನರಲ್ ಫ್ರಾಂಕೋನದು. ಗೆದ್ದವನ ಹೆಸರು ಉಳಿಯುವುದು ಲೋಕರೂಢಿ. ೧೯೩೬ರ ಜುಲೈ ತಿಂಗಳಲ್ಲಿ ಹೊತ್ತಿಕೊಂಡು ೧೯೩೯ರ ಏಪ್ರಿಲ್ ಒಂದರಂದು ಮುಗಿದ ಆ ಯುದ್ಧದಲ್ಲಿ ಫ್ರಾಂಕೋನ ಗೆಲುವನ್ನು ಎರಡು ವರ್ಷಕ್ಕೂ ಮಿಕ್ಕಿ ತಡೆದು ನಿಲ್ಲಿಸಿದ ಸೇನಾನಿ ಯಾರೆಂದು ಕೇಳಿದರೆ ಬಲ್ಲವರು ವಿರಳ. ಅವನೇ ವಿಸೆಂತೆ ರೋಹೋ. ಕುದುರೆಯ ಮೇಲೆ ಕುಳಿತು ಕತ್ತಿ ಝಳಪಿಸಿದ ವೀರನಲ್ಲ. ನಕಾಶೆಯನ್ನು ಮೇಜಿನ ಮೇಲೆ ಹರಡಿಕೊಂಡು, ದಪ್ಪ ಕನ್ನಡಕದ ಹಿಂದಿನಿಂದ ಅದನ್ನು ನೋಡುತ್ತ ರಾತ್ರಿಗಳನ್ನು ಕಳೆದ ಮಿತಭಾಷಿ. ಅವನ ಬಾಳುವೆಯನ್ನು ಇಂದು ನಮ್ಮ ವಾಚಕರ ಮುಂದಿಡಲು ಬಯಸುತ್ತೇವೆ.

ಸ್ಪ್ಯಾನಿಷ್ ನುಡಿಯಲ್ಲಿ ರೋಹೋ ಎಂದರೆ ಕೆಂಪು. ಫ್ರಾಂಕೋನ ಪಕ್ಷದವರು ತಮ್ಮ ಎದುರಾಳಿಗಳನ್ನೆಲ್ಲ ಒಂದೇ ಗಂಟಿಗೆ ಕಟ್ಟಿ ಕೆಂಪರೆಂದು ಹಳಿಯುತ್ತಿದ್ದರು. ವಿಧಿಯ ವಿನೋದವೆಂದರೆ, ಈ ಕೆಂಪು ಹೆಸರಿನ ಸೇನಾನಿ ಕಮ್ಯೂನಿಸ್ಟನಾಗಲಿ ಸಮಾಜವಾದಿಯಾಗಲಿ ಆಗಿರಲಿಲ್ಲ. ಅವನು ಶ್ರದ್ಧಾವಂತ ಕ್ಯಾಥೊಲಿಕ್. ಸ್ವಭಾವದಿಂದ ಹಳೆಯ ಕಟ್ಟಳೆಗಳನ್ನು ಮೆಚ್ಚುವವನು. ಅಂಥವನು ದೇಗುಲಗಳನ್ನು ಸುಡುವವರೂ ಸೇರಿಕೊಂಡಿದ್ದ ಪಕ್ಷದಲ್ಲಿ ಏಕೆ ನಿಂತನು, ಕೊನೆಯವರೆಗೂ ಏಕೆ ನಿಂತೇ ಇದ್ದನು ಎಂಬುದೇ ಅವನ ಚರಿತ್ರೆಯ ತಿರುಳು.

ಅವನು ಹುಟ್ಟಿದ್ದು ೧೮೯೪ರ ಅಕ್ಟೋಬರ್ ತಿಂಗಳಲ್ಲಿ, ವಲೆನ್ಸಿಯಾ ಪ್ರಾಂತದ ಒಂದು ಸಣ್ಣ ಊರಿನಲ್ಲಿ. ತಂದೆ ಸೈನಿಕನಾಗಿ ಕ್ಯೂಬಾ ದ್ವೀಪದಲ್ಲಿ ದುಡಿದು, ರೋಗಿಯಾಗಿ ಮರಳಿ, ಈ ಮಗು ಕಣ್ಣು ತೆರೆಯುವ ಮೊದಲೇ ಕಣ್ಣು ಮುಚ್ಚಿದ್ದನು. ಹುಡುಗನು ಸೈನಿಕರ ಅನಾಥ ಮಕ್ಕಳಿಗಾಗಿ ಸರಕಾರವು ನಡೆಸುತ್ತಿದ್ದ ಶಾಲೆಯಲ್ಲಿ ಬೆಳೆದನು. ಅನ್ನವೂ ಅಕ್ಷರವೂ ಸೈನ್ಯದಿಂದಲೇ ದೊರೆತ ಹುಡುಗನು ೧೯೧೧ರಲ್ಲಿ ತೊಲೆದೊ ನಗರದ ಪದಾತಿ ಶಿಕ್ಷಣಾಲಯವನ್ನು ಸೇರಿದುದು ಸಹಜವೇ ಆಗಿತ್ತು. ಆ ಶಿಕ್ಷಣಾಲಯವಿದ್ದುದು ಬೆಟ್ಟದ ನೆತ್ತಿಯ ಮೇಲೆ, ಅಲ್ಕಾಸರ್ ಎಂಬ ಪುರಾತನ ಕೋಟೆಯಲ್ಲಿ. ೧೯೧೪ರಲ್ಲಿ ಮೇಲಿನ ಸಾಲಿನಲ್ಲಿ ತೇರ್ಗಡೆಯಾದ ರೋಹೋ ಕೆಲಕಾಲ ಮೊರಾಕ್ಕೋದಲ್ಲಿಯೂ ಬಾರ್ಸಿಲೋನಾದಲ್ಲಿಯೂ ಸೇವೆ ಸಲ್ಲಿಸಿ, ೧೯೨೨ರಲ್ಲಿ ಅದೇ ಅಲ್ಕಾಸರ್‌ಗೆ ಉಪಾಧ್ಯಾಯನಾಗಿ ಮರಳಿದನು. ಹತ್ತು ವರ್ಷ ಅಲ್ಲಿಯೇ ಪಾಠ ಹೇಳಿದನು. ಎಮಿಲಿಯೋ ಅಲಮಾನ್ ಎಂಬ ಗೆಳೆಯನೊಡನೆ ಸೇರಿ ಯುದ್ಧಶಾಸ್ತ್ರದ ಪುಸ್ತಕಮಾಲೆಯೊಂದನ್ನು ೧೯೨೮ರಲ್ಲಿ ಆರಂಭಿಸಿದನು. ಯುದ್ಧ ಬಂದಾಗ ಎರಡೂ ಪಕ್ಷದ ದಂಡಿನಲ್ಲಿ ಅವನ ಕೈಯಲ್ಲಿ ಕಲಿತ ಅಧಿಕಾರಿಗಳು ಇದ್ದರು. ಈ ಅಂಶವನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದರ ಕೆಲಸವಿದೆ.

೧೯೩೧ರಲ್ಲಿ ದೊರೆಯು ದೇಶ ಬಿಟ್ಟು ಹೋಗಿ ಸ್ಪೇನ್ ಗಣರಾಜ್ಯವಾಯಿತು. ಹೊಸ ಸರಕಾರವು ಸೇನಾಧಿಕಾರಿಗಳಿಗೆ ಎರಡು ದಾರಿಗಳನ್ನು ತೆರೆದಿಟ್ಟಿತು: ಗಣರಾಜ್ಯಕ್ಕೆ ನಿಷ್ಠೆಯ ವಚನ ಕೊಟ್ಟು ಕೆಲಸದಲ್ಲಿ ಉಳಿಯುವುದು, ಅಥವಾ ವೇತನದೊಡನೆ ನಿವೃತ್ತರಾಗುವುದು. ವಚನ ಕೊಟ್ಟವರಲ್ಲಿ ಫ್ರಾಂಕೋನೂ ಇದ್ದನು, ರೋಹೋನೂ ಇದ್ದನು. ಐದು ವರ್ಷಗಳ ನಂತರ, ಎಡಪಕ್ಷಗಳ ಕೂಟವು ಚುನಾವಣೆಯಲ್ಲಿ ಗೆದ್ದು ಸರಕಾರವನ್ನು ರಚಿಸಿದ ಮೇಲೆ, ೧೯೩೬ರ ಜುಲೈ ೧೭ರಂದು ಮೊರಾಕ್ಕೋದಲ್ಲಿದ್ದ ಸೈನ್ಯವು ದಂಗೆಯೆದ್ದಿತು. ದಂಗೆ ಸ್ಪೇನಿನ ನೆಲಕ್ಕೂ ಹಬ್ಬಿತು. ರೋಹೋ ಆಗ ಮ್ಯಾಡ್ರಿಡ್ಡಿನಲ್ಲಿ ಮೇಜರ್ ದರ್ಜೆಯ ಅಧಿಕಾರಿ. ಅವನ ಮತ, ಅವನ ಸ್ನೇಹಬಳಗ, ಅವನ ವೃತ್ತಿಬಾಂಧವರು ಎಲ್ಲರೂ ಅವನನ್ನು ಆ ಕಡೆಗೆ ಎಳೆಯುತ್ತಿದ್ದರು. ಆದರೂ ಅವನು ತನ್ನ ಕಚೇರಿಗೆ ಹೋಗಿ ಕೆಲಸಕ್ಕೆ ಹಾಜರಾದನು. ಕೊಟ್ಟ ಮಾತು ಸರಕಾರಕ್ಕೆ. ಆ ಸರಕಾರದಲ್ಲಿ ಕುಳಿತವರು ತನಗೆ ಮೆಚ್ಚುಗೆಯಾದವರೋ ಅಲ್ಲವೋ ಎಂಬುದು ಬೇರೆ ಪ್ರಶ್ನೆ. ಅವನ ಮುಂದಿನ ನಡತೆಯೆಲ್ಲವೂ ಈ ಒಂದು ನಿಲುವಿನಿಂದ ಹೊರಟದ್ದೆಂದು ನಾವು ಭಾವಿಸುತ್ತೇವೆ.

ಆ ನಿಲುವಿಗೆ ಮೊದಲ ಪರೀಕ್ಷೆ ಬಂದುದು ಅವನ ಹಳೆಯ ಶಾಲೆಯ ಬಾಗಿಲಿನಲ್ಲಿಯೇ. ತೊಲೆದೊದ ಅಲ್ಕಾಸರ್ ಕೋಟೆಯಲ್ಲಿ ಕರ್ನಲ್ ಮೊಸ್ಕಾರ್ದೋ ಎಂಬವನು ಸಾವಿರಕ್ಕೂ ಮಿಕ್ಕ ಸಶಸ್ತ್ರರೊಡನೆ ದಂಗೆಯ ಪಕ್ಷ ಹಿಡಿದು ಕುಳಿತಿದ್ದನು. ಐನೂರಕ್ಕೂ ಹೆಚ್ಚು ಹೆಂಗಸರೂ ಮಕ್ಕಳೂ ಅದರ ನೆಲಮಾಳಿಗೆಗಳಲ್ಲಿದ್ದರು. ಸರಕಾರದ ಪಡೆಗಳು ಮುತ್ತಿಗೆ ಹಾಕಿ ಏಳು ವಾರಗಳಾಗಿದ್ದವು. ಸೆಪ್ಟೆಂಬರ್ ೯ರಂದು, ಒಳಗಿರುವವರನ್ನು ಶರಣಾಗುವಂತೆ ಕೇಳಲು ರೋಹೋನನ್ನು ದೂತನಾಗಿ ಕಳುಹಿಸಲಾಯಿತು. ಕಣ್ಣಿಗೆ ಬಟ್ಟೆ ಕಟ್ಟಿ ಅವನನ್ನು ಒಳಗೆ ಕರೆದೊಯ್ದರು. ಹತ್ತು ವರ್ಷ ತಾನು ಪಾಠ ಹೇಳಿದ ಕಟ್ಟಡದಲ್ಲಿ ಅವನು ಕುರುಡನಂತೆ ಹೆಜ್ಜೆಯಿಟ್ಟನು. ಬಟ್ಟೆ ಬಿಚ್ಚಿದಾಗ ಎದುರಿಗಿದ್ದವರು ಅವನ ಸಹೋದ್ಯೋಗಿಗಳೇ. ಪುಸ್ತಕಮಾಲೆಯ ಗೆಳೆಯ ಅಲಮಾನನೂ ಅವರಲ್ಲಿದ್ದನು. ಮೊಸ್ಕಾರ್ದೋ ಶರಣಾಗಲು ಒಪ್ಪಲಿಲ್ಲ. ಒಬ್ಬ ಪಾದ್ರಿಯನ್ನು ಕಳುಹಿಸಿಕೊಡುವಂತೆ ಮಾತ್ರ ಬೇಡಿದನು. ಗೆಳೆಯರು ರೋಹೋನನ್ನು ತಮ್ಮೊಡನೆ ಉಳಿದುಬಿಡುವಂತೆ ಒತ್ತಾಯಿಸಿದರು. ಅವನ ಹೆಂಡತಿ ಮಕ್ಕಳು ಮ್ಯಾಡ್ರಿಡ್ಡಿನಲ್ಲಿದ್ದರು. ಕೊಟ್ಟ ಮಾತೂ ಆ ಕಡೆಗೇ ಇದ್ದಿತು. ಅವನು ಮತ್ತೆ ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು ಹೊರಗೆ ಬಂದನು. ಎರಡು ದಿನಗಳಲ್ಲಿ ಪಾದ್ರಿಯೂ ಕೋಟೆಯೊಳಗೆ ಹೋಗಿಬಂದನು. ಆ ತಿಂಗಳ ಕೊನೆಯಲ್ಲಿ ಫ್ರಾಂಕೋನ ಪಡೆಗಳು ಬಂದು ಮುತ್ತಿಗೆಯನ್ನು ಮುರಿದವು.

ಅಲ್ಲಿಂದ ರಾಜಧಾನಿಗೆ ಎಪ್ಪತ್ತು ಕಿಲೋಮೀಟರುಗಳ ದಾರಿ. ನವೆಂಬರ್ ಮೊದಲ ವಾರದಲ್ಲಿ ಮೊರಾಕ್ಕೋದ ನುರಿತ ಪಡೆಗಳು ಮ್ಯಾಡ್ರಿಡ್ಡಿನ ಹೊಸ್ತಿಲಿಗೆ ಬಂದವು. ೬ರ ಸಂಜೆ ಸರಕಾರವು ಕಡತ ಕಾಗದಗಳನ್ನು ಲಾರಿಗೆ ಹೇರಿಕೊಂಡು ವಲೆನ್ಸಿಯಾದ ಕಡೆಗೆ ಹೊರಟಿತು. ಹೋಗುವ ಮುನ್ನ ಇಬ್ಬರು ಜನರಲ್ಲುಗಳಿಗೆ ಮುದ್ರೆಯೊತ್ತಿದ ಎರಡು ಲಕೋಟೆಗಳನ್ನು ಕೊಟ್ಟು, ಮರುದಿನ ಬೆಳಿಗ್ಗೆ ಆರು ಗಂಟೆಯವರೆಗೆ ಒಡೆಯಕೂಡದೆಂದು ಅಪ್ಪಣೆ ಮಾಡಲಾಗಿತ್ತು. ಶತ್ರುವು ಬಾಗಿಲಿಗೆ ಬಂದಿರುವಾಗ ಬೆಳಗಿನ ತನಕ ಕಾಯುವುದುಂಟೇ? ಒಡೆದು ನೋಡಿದರೆ ಕಾಗದಗಳು ಅದಲು ಬದಲಾಗಿದ್ದವು. ಒಬ್ಬನ ಆಜ್ಞೆ ಮತ್ತೊಬ್ಬನ ಲಕೋಟೆಯಲ್ಲಿ. ಹೇಳಿದ ಮಾತಿನಂತೆ ಆರು ಗಂಟೆಗೆ, ತಮ್ಮ ತಮ್ಮ ಠಾಣ್ಯಗಳಿಗೆ ಬೇರ್ಪಟ್ಟು ಹೋದ ಮೇಲೆ ಅವರು ಅವನ್ನು ಒಡೆದಿದ್ದರೆ ಏನಾಗುತ್ತಿತ್ತೋ ಹೇಳಲಾಗದು. ಮ್ಯಾಡ್ರಿಡ್ಡನ್ನು ಹೇಗಾದರೂ ಕಾಯಬೇಕೆಂಬ ಆಜ್ಞೆ ಜನರಲ್ ಮಿಯಾಹಾ ಎಂಬ ವಯಸ್ಸಾದ ಅಧಿಕಾರಿಯ ಪಾಲಿಗೆ ಬಂದಿತ್ತು. ಅವನ ಸೇನಾ ಕಾರ್ಯಾಲಯದ ಮುಖ್ಯಸ್ಥನಾಗಿ, ಎಂದರೆ ಯೋಜನೆಗಳನ್ನು ಹೂಡಿ ಆಜ್ಞೆಗಳನ್ನು ಬರೆಯುವ ಅಧಿಕಾರಿಯಾಗಿ, ನೇಮಕವಾದವನೇ ರೋಹೋ.

ಆ ರಾತ್ರಿ ಅವನ ಕೈಯಲ್ಲಿ ಇದ್ದುದೇನು? ಯಾವ ಪಡೆ ಎಲ್ಲಿದೆಯೆಂದು ತಿಳಿಸುವ ಸರಿಯಾದ ಪಟ್ಟಿಯೂ ಇರಲಿಲ್ಲ. ಕಾರ್ಮಿಕ ಸಂಘಗಳ ಸ್ವಯಂಸೇವಕರು, ಹಿಂದೆಗೆದು ದಣಿದ ತುಕಡಿಗಳು, ಎಷ್ಟೋ ಮಂದಿಗೆ ಕೋವಿಯೂ ಇಲ್ಲ. ಲೋಕದ ಪತ್ರಿಕೆಗಳು ನಗರವು ಬಿದ್ದೇ ಹೋಯಿತೆಂಬಂತೆ ಬರೆಯತೊಡಗಿದ್ದವು. ರೋಹೋ ಮಾಡಿದ ಮೊದಲ ಕೆಲಸ ಗುಮಾಸ್ತನ ಕೆಲಸ: ಎಲ್ಲೆಲ್ಲಿ ಯಾರಿದ್ದಾರೆ, ಎಷ್ಟು ಮದ್ದುಗುಂಡು ಇದೆ, ಯಾರು ಯಾರಿಗೆ ಉತ್ತರ ಕೊಡಬೇಕು ಎಂಬುದನ್ನು ಬರೆದು ಗೊತ್ತುಪಡಿಸುವುದು. ೭ನೆಯ ತಾರೀಖು ಕಾಳಗದಲ್ಲಿ ಕೆಟ್ಟು ನಿಂತ ಒಂದು ಇಟಾಲಿಯನ್ ಟ್ಯಾಂಕಿನಲ್ಲಿ ಮಡಿದ ಶತ್ರು ಅಧಿಕಾರಿಯ ಬಳಿ ಕಾಗದಗಳು ದೊರೆತವು. ಅವು ಶತ್ರು ದಳಪತಿ ವರೇಲಾ ಬರೆದ ದಾಳಿಯ ಆಜ್ಞೆ. ತೆಂಕಣ ದಿಕ್ಕಿನ ಕರಾಬಾಂಚೆಲ್ ಬಡಾವಣೆಯಲ್ಲಿ ನಡೆಯುವುದು ಬರಿಯ ತೋರಿಕೆಯ ದಾಳಿ. ನಿಜವಾದ ಹೊಡೆತ ಪಡುವಣದ ಕಾಸಾ ದೆ ಕಾಂಪೋ ಎಂಬ ವಿಶಾಲವಾದ ಉಪವನದ ಮೂಲಕ ಬರಲಿದೆ ಎಂದು ಅದರಲ್ಲಿತ್ತು. ದಾಳಿಗೆ ಗೊತ್ತುಮಾಡಿದ್ದ ದಿನ ಅದೇ ೭ನೆಯ ತಾರೀಖು.

ಇಲ್ಲಿಯೇ ರೋಹೋನ ಬುದ್ಧಿಯ ಹದ ಕಾಣುತ್ತದೆ. ಇಂಥ ಕಾಗದವು ಬೇಕೆಂದೇ ಎಸೆದ ಗಾಳವಾಗಿರಬಹುದು. ನಿಜವೇ ಆಗಿದ್ದರೂ ದಿನ ಮೀರಿದೆ; ಶತ್ರುವು ಯೋಜನೆಯನ್ನು ಬದಲಿಸಿರಬಹುದು. ಅವನು ಅದನ್ನು ಅಂದಿನ ಕಾಳಗದ ವರದಿಗಳೊಡನೆ ತಾಳೆ ನೋಡಿದನು. ಆ ದಿನ ಶತ್ರುವು ಗೊತ್ತುಮಾಡಿದ ಸ್ಥಾನಗಳನ್ನು ತಲುಪಲು ಆಗಿರಲಿಲ್ಲ. ಹಾಗಾದರೆ ದಾಳಿಯು ಕೇವಲ ಒಂದು ದಿನ ಮುಂದೆ ಹೋಗಿದೆ ಎಂದು ತೀರ್ಮಾನಿಸಿದನು. ರಾತ್ರೋರಾತ್ರಿ ಮುಖ್ಯ ಪಡೆಗಳನ್ನು ಕಾಸಾ ದೆ ಕಾಂಪೋ ಕಡೆಗೆ ಸಾಗಿಸಿದನು. ಊಹೆ ತಪ್ಪಾಗಿದ್ದರೆ ತೆಂಕಣ ಬಾಗಿಲು ತೆರೆದೇ ಇರುತ್ತಿತ್ತು. ಬೆಳಗಾದಾಗ ಹೊಡೆತ ಅವನು ಕಾದಿದ್ದಲ್ಲಿಯೇ ಬಂದಿತು, ನಿಂತಿತು. ಅದೇ ದಿನ ನಾನಾ ದೇಶಗಳ ಸ್ವಯಂಸೇವಕರಿಂದ ಕೂಡಿದ ಅಂತರರಾಷ್ಟ್ರೀಯ ದಳದ ಮೊದಲ ತುಕಡಿ ನಗರದ ಬೀದಿಗಳಲ್ಲಿ ನಡೆದುಹೋಯಿತು. ಮುಂದಿನ ಎರಡು ವಾರ ವಿಶ್ವವಿದ್ಯಾಲಯದ ಕಟ್ಟಡಗಳಲ್ಲಿ ಕೋಣೆ ಕೋಣೆಗೂ ಮಹಡಿ ಮಹಡಿಗೂ ಕಾದಾಟ ನಡೆಯಿತು. ೨೩ರಂದು ಫ್ರಾಂಕೋ ನೇರ ದಾಳಿಯನ್ನು ಕೈಬಿಟ್ಟನು. ಅವನ ಸೈನ್ಯವು ಮ್ಯಾಡ್ರಿಡ್ಡನ್ನು ಹೊಕ್ಕುದು ಎರಡು ವರ್ಷ ನಾಲ್ಕು ತಿಂಗಳ ಮೇಲೆ, ೧೯೩೯ರ ಮಾರ್ಚ್ ೨೮ರಂದು.

ಕೀರ್ತಿಯೆಲ್ಲ ಮಿಯಾಹಾನಿಗೆ ಸಂದಿತು. ಅವನ ಭಾವಚಿತ್ರಗಳು ಗೋಡೆಗೋಡೆಗಳ ಮೇಲೆ ಅಂಟಿದವು. ಅವನೂ ಧೈರ್ಯವಂತನೇ, ಜನರಿಗೆ ಹುರುಪು ತುಂಬಿದವನೇ; ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಕರಡು ಬರೆಯುವವನೊಬ್ಬ, ರುಜು ಹಾಕುವವನಿನ್ನೊಬ್ಬ ಎಂಬುದು ಕಚೇರಿಗಳಲ್ಲಿ ದುಡಿಯುವ ನಮ್ಮ ವಾಚಕರಿಗೆ ಹೊಸ ಸಂಗತಿಯಲ್ಲ. ಬಹಳ ವರ್ಷಗಳ ಮೇಲೆ ಇತಿಹಾಸಕಾರರು ಕಾಗದಪತ್ರಗಳನ್ನು ತೆರೆದು ನೋಡಿ ರೋಹೋನ ಪಾಲನ್ನು ಅವನಿಗೆ ಸಲ್ಲಿಸಿದರು.

ಆ ದಿನಗಳಿಗೆ ಒಂದು ಕರಾಳ ಮುಖವೂ ಉಂಟು. ಅದನ್ನು ಮರೆಮಾಚುವುದು ಸಲ್ಲದು. ಅದೇ ನವೆಂಬರ್ ತಿಂಗಳಿನಲ್ಲಿ ಮ್ಯಾಡ್ರಿಡ್ ಸೆರೆಮನೆಗಳಿಂದ ಎರಡು ಸಾವಿರಕ್ಕೂ ಮಿಕ್ಕ ಬಂದಿಗಳನ್ನು ಹೊರಗೆ ತೆಗೆದು ಪರಾಕುಯೆಲ್ಯೋಸ್ ಎಂಬ ಹಳ್ಳಿಯ ಬಳಿಯೂ ಅದರ ಸುತ್ತಲೂ ಗುಂಡಿಕ್ಕಿ ಕೊಂದರು. ಸತ್ತವರಲ್ಲಿ ಸೇನಾಧಿಕಾರಿಗಳು ಬಹುಮಂದಿ. ಆ ಯುದ್ಧದಲ್ಲಿ ಸರಕಾರದ ಪಕ್ಷದ ಸೀಮೆಯಲ್ಲಿ ಪ್ರಾಣ ತೆತ್ತ ಪಾದ್ರಿಗಳೂ ಸಂನ್ಯಾಸಿಗಳೂ ಆರು ಸಾವಿರಕ್ಕಿಂತ ಹೆಚ್ಚು. ಎದುರು ಪಕ್ಷದ ಸೀಮೆಯಲ್ಲಿ ನಡೆದ ಕೊಲೆಗಳಂತೂ ಒಟ್ಟು ಲೆಕ್ಕದಲ್ಲಿ ಇವನ್ನು ಮೀರಿಸುತ್ತವೆ. ಶ್ರದ್ಧಾವಂತನಾದ ರೋಹೋ ತನ್ನ ಪಕ್ಷದವರ ಇಂಥ ಕೃತ್ಯಗಳ ನಡುವೆ ಬಾಳಿದನು. ತನ್ನ ಧರ್ಮವನ್ನು ಮುಚ್ಚಿಡಲಿಲ್ಲ, ಸ್ಥಾನವನ್ನೂ ಬಿಡಲಿಲ್ಲ. ಇದನ್ನು ನಿಷ್ಠೆಯೆನ್ನಬೇಕೋ ಕಣ್ಣು ಮುಚ್ಚಿಕೊಳ್ಳುವಿಕೆಯೆನ್ನಬೇಕೋ ಎಂಬ ಪ್ರಶ್ನೆಗೆ ನಮ್ಮಲ್ಲಿ ಸಿದ್ಧ ಉತ್ತರವಿಲ್ಲ.

೧೯೩೭ರ ಫೆಬ್ರವರಿಯಲ್ಲಿ ಹರಾಮಾ ನದಿಯ ದಂಡೆಯಲ್ಲಿ, ಮಾರ್ಚಿಯಲ್ಲಿ ಗ್ವಾದಲಹಾರಾದಲ್ಲಿ ಶತ್ರುವಿನ ಮುನ್ನಡೆ ತಡೆಯಲ್ಪಟ್ಟಿತು. ಗ್ವಾದಲಹಾರಾದಲ್ಲಿ ಓಡಿದವರು ಮುಸೊಲಿನಿಯ ಇಟಾಲಿಯನ್ನರು. ಮೇ ತಿಂಗಳಿನಲ್ಲಿ ನೆಗ್ರೀನ್ ಪ್ರಧಾನಿಯಾದಾಗ ರೋಹೋ ಇಡೀ ಗಣರಾಜ್ಯದ ಸೈನ್ಯಕ್ಕೆ ಮುಖ್ಯ ಯೋಜನಾಧಿಕಾರಿಯಾದನು. ಆ ವರ್ಷವೇ ಜನರಲ್ ಪದವಿಯೂ ಬಂದಿತು. ಹಿಟ್ಲರನ ವಿಮಾನಗಳೂ ಮುಸೊಲಿನಿಯ ದಳಗಳೂ ಫ್ರಾಂಕೋನ ಕಡೆಗಿದ್ದವು. ಸರಕಾರದ ಕಡೆಗೆ ರಷ್ಯದ ನೆರವು ದೂರದ ಹಾದಿಯಲ್ಲಿ ಬಂದಷ್ಟು ಬಂದಿತು; ಇಂಗ್ಲೆಂಡ್ ಫ್ರಾನ್ಸ್ ದೇಶಗಳು ತಾಟಸ್ಥ್ಯದ ಹೆಸರಿನಲ್ಲಿ ಆಯುಧಗಳ ಮಾರಾಟವನ್ನು ನಿಲ್ಲಿಸಿದ್ದವು. ಬಲಹೀನನಾದವನು ಸುಮ್ಮನೆ ಕುಳಿತರೆ ಒಂದೊಂದೇ ಅಂಗ ಕಳೆದುಕೊಳ್ಳುತ್ತಾನೆ. ಆದುದರಿಂದ ಶತ್ರುವು ನಿರೀಕ್ಷಿಸದ ಕಡೆ ತಾನೇ ಮೊದಲು ಹೊಡೆಯಬೇಕು ಎಂಬುದು ರೋಹೋನ ಸೂತ್ರ. ಜುಲೈಯಲ್ಲಿ ಬ್ರೂನೆತೆ, ಆಗಸ್ಟಿನಲ್ಲಿ ಬೆಲ್ಚಿತೆ ಎಂಬ ಎಡೆಗಳಲ್ಲಿ ಈ ಸೂತ್ರದಂತೆಯೇ ದಾಳಿಗಳು ನಡೆದವು. ಮೊದಲ ದಿನ ಬೆರಗು, ಎರಡನೆಯ ದಿನ ಸಣ್ಣ ಹಳ್ಳಿಗಳ ಮುಂದೆ ತೊಡಕು, ಆಮೇಲೆ ಶತ್ರುವಿನ ವಿಮಾನಗಳು. ಯೋಜನೆ ಒಳ್ಳೆಯದು, ಅದನ್ನು ನಡೆಸಿಕೊಡಬಲ್ಲ ಕೆಳಗಿನ ಅಧಿಕಾರಿಗಳು ಸಾಲದು ಎಂಬುದು ಈ ಸೈನ್ಯದ ಶಾಪವಾಗಿತ್ತು. ಆದರೆ ತನ್ನ ಸೈನ್ಯದ ಈ ದೌರ್ಬಲ್ಯವನ್ನು ಅರಿತೂ ಅಂಥ ದೊಡ್ಡ ಯೋಜನೆಗಳನ್ನೇ ಮತ್ತೆ ಮತ್ತೆ ಹೂಡಿದನೆಂದು ಅವನನ್ನು ಆಕ್ಷೇಪಿಸುವ ಇತಿಹಾಸಕಾರರೂ ಇದ್ದಾರೆ. ಅವರ ಮಾತನ್ನು ತಳ್ಳಿಹಾಕುವಂತಿಲ್ಲ.

ಆ ಡಿಸೆಂಬರಿನಲ್ಲಿ ಫ್ರಾಂಕೋ ಮ್ಯಾಡ್ರಿಡ್ ಮೇಲೆ ಮತ್ತೊಂದು ದಾಳಿಯನ್ನು ಅಣಿಮಾಡುತ್ತಿದ್ದನು. ಅದು ಹೊರಡುವ ಮೊದಲೇ, ೧೫ರಂದು, ರೋಹೋ ತೆರುಯೆಲ್ ನಗರದ ಮೇಲೆ ಎರಗಿದನು. ಹಿಮ ಸುರಿಯುತ್ತಿತ್ತು; ಲಾರಿಗಳ ಯಂತ್ರಗಳೇ ಹೆಪ್ಪುಗಟ್ಟುವ ಚಳಿ. ಶತ್ರುವಿನ ಗುಂಡಿಗಿಂತ ಹಿಮದಿಂದ ಕೈಕಾಲು ಕಳೆದುಕೊಂಡವರ ಕತೆಗಳು ಎರಡೂ ಕಡೆಗಳಲ್ಲಿ ಹೇರಳ. ೧೯೩೮ರ ಜನವರಿ ೮ರಂದು ನಗರದ ಕಾವಲು ಪಡೆ ಶರಣಾಯಿತು. ಯುದ್ಧವಿಡೀ ಸರಕಾರದ ಪಕ್ಷವು ಶತ್ರುವಿನ ಕೈಯಿಂದ ಮರಳಿ ಪಡೆದ ಪ್ರಾಂತೀಯ ರಾಜಧಾನಿ ಇದೊಂದೇ. ರೋಹೋನಿಗೆ ಗಣರಾಜ್ಯದ ಅತ್ಯುಚ್ಚ ಶೌರ್ಯಪದಕ ದೊರೆಯಿತು. ಆರು ವಾರಗಳಲ್ಲಿ, ಫೆಬ್ರವರಿ ೨೨ರಂದು, ಫ್ರಾಂಕೋ ಅದನ್ನು ಮತ್ತೆ ಕಸಿದುಕೊಂಡನು. ಬಳಿಕ ಬಂದ ಪ್ರವಾಹವನ್ನು ತಡೆಯುವವರಿಲ್ಲವಾಯಿತು. ಏಪ್ರಿಲ್ ೧೫ರಂದು ಶತ್ರುಪಡೆಗಳು ಮೆಡಿಟರೇನಿಯನ್ ಸಮುದ್ರವನ್ನು ಮುಟ್ಟಿದವು. ಗಣರಾಜ್ಯವು ಎರಡು ತುಂಡಾಯಿತು.

ಆ ಬೇಸಗೆಯಲ್ಲಿಯೇ, ಜೂನ್ ತಿಂಗಳಿನಲ್ಲಿ, ನಮ್ಮ ಜವಾಹರಲಾಲ ನೆಹರೂ ಅವರು ವಿ. ಕೆ. ಕೃಷ್ಣ ಮೆನನ್ ಅವರೊಡನೆ ಬಾರ್ಸಿಲೋನಾಕ್ಕೆ ಹೋಗಿ ಐದು ದಿನ ಅಲ್ಲಿದ್ದರು. ರಾತ್ರಿ ಹೊತ್ತು ಬಾಂಬು ಬೀಳುವುದನ್ನು ಕಣ್ಣಾರೆ ಕಂಡರು. ಮುಂದೆ ಮುಂಬಯಿಯಿಂದ ಲೋಕಸಭೆಗೆ ಆರಿಸಿಬಂದ ಮೆನನ್ ಅವರನ್ನು ಬಲ್ಲ ಹಿರಿಯರಿಗೆ ಈ ಸಂಗತಿ ನೆನಪಿರಬಹುದು.

ಅವರು ಮರಳಿದ ಮುಂದಿನ ತಿಂಗಳಿನಲ್ಲಿಯೇ ರೋಹೋನ ಅತಿ ದೊಡ್ಡ ಸಾಹಸ ನಡೆಯಿತು. ಜುಲೈ ೨೪ರ ನಡುರಾತ್ರಿಯ ಮೇಲೆ ಗಣರಾಜ್ಯದ ಸೈನಿಕರು ದೋಣಿಗಳಲ್ಲಿಯೂ ತೇಲುಸೇತುವೆಗಳ ಮೇಲೂ ಎಬ್ರೋ ಮಹಾನದಿಯನ್ನು ದಾಟಿದರು. ಈ ಕಾರ್ಯಕ್ಕೆ ಅಣಿಗೊಳಿಸಿದವರು ಸುಮಾರು ಎಂಬತ್ತು ಸಾವಿರ. ಸೋತೇ ಹೋಯಿತೆಂದು ಲೋಕವು ಕೈಬಿಟ್ಟ ಸೈನ್ಯ ಅದು. ಫ್ರಾಂಕೋ ಮೇಲಣ ಅಣೆಕಟ್ಟುಗಳ ಬಾಗಿಲು ತೆರೆಸಿ ನೀರು ಹರಿಯಬಿಟ್ಟು ಸೇತುವೆಗಳನ್ನು ಕೊಚ್ಚಿಸಿದನು. ಇವರು ರಾತ್ರಿಯಿಡೀ ಮತ್ತೆ ಕಟ್ಟಿದರು. ಬೋಳುಗುಡ್ಡಗಳ ಮೇಲೆ ನೂರು ದಿನಗಳಿಗೂ ಮಿಕ್ಕಿ ಕಾದಾಟ ನಡೆಯಿತು. ಯುರೋಪಿನಲ್ಲಿ ಮಹಾಯುದ್ಧವು ಹೊತ್ತಿಕೊಂಡರೆ ಇಂಗ್ಲೆಂಡ್ ಫ್ರಾನ್ಸ್ ದೇಶಗಳು ತಮ್ಮ ಪಕ್ಕಕ್ಕೆ ಬಂದೇ ಬರುತ್ತವೆಂದು ಪ್ರಧಾನಿ ನೆಗ್ರೀನ್ ನಂಬಿದ್ದನು. ಅಲ್ಲಿಯವರೆಗೆ ಕಾಲ ಗಳಿಸಿಕೊಡುವುದು ಸೈನ್ಯದ ಪಾಲಿನ ಕೆಲಸ. ಸೆಪ್ಟೆಂಬರ್ ೩೦ರಂದು ಮ್ಯೂನಿಕ್ ನಗರದಲ್ಲಿ ಆ ದೇಶಗಳು ಹಿಟ್ಲರನೊಡನೆ ರಾಜಿ ಮಾಡಿಕೊಂಡವು. ಆಸೆಯ ಎಳೆ ಕಡಿಯಿತು. ನವೆಂಬರ್ ೧೬ರಂದು ಉಳಿದವರು ನದಿಯನ್ನು ಹಿಂದಕ್ಕೆ ದಾಟಿದರು. ಎರಡೂ ಕಡೆಗಳಲ್ಲಿ ಸತ್ತು ಗಾಯಗೊಂಡವರು ಹತ್ತಾರು ಸಾವಿರ.

ಕತಲೋನಿಯಾ ಪ್ರಾಂತದ ಮೇಲೆ ಬರಲಿದ್ದ ಹೊಡೆತವನ್ನು ಬೇರೆಡೆಗೆ ಸೆಳೆಯಲು ರೋಹೋ ಕೊನೆಯ ಯೋಜನೆ ಹೂಡಿದನು: ತೆಂಕಣ ಕರಾವಳಿಯ ಮೊತ್ರಿಲ್ ಎಂಬಲ್ಲಿ ಹಡಗುಗಳಿಂದ ಸೈನ್ಯವನ್ನು ಇಳಿಸುವುದು, ಒಡನೆಯೇ ಪಡುವಣದ ಎಸ್ತ್ರೆಮಾದುರಾದಲ್ಲಿ ದಾಳಿ. ನಡೆಸಬೇಕಾದವನು ಮಧ್ಯ ಪ್ರಾಂತದ ದಳಪತಿ, ಅದೇ ಮಿಯಾಹಾ. ಅವನು ಒಪ್ಪಲಿಲ್ಲ, ಮೊತ್ರಿಲ್ ದಾಳಿ ರದ್ದಾಯಿತು. ಎಸ್ತ್ರೆಮಾದುರಾದ್ದು ಜನವರಿಯಲ್ಲಿ, ಹೊತ್ತು ಮೀರಿದ ಮೇಲೆ ಹೊರಟಿತು. ಒಂದು ಕಾಲಕ್ಕೆ ಇವನ ಬರಹಕ್ಕೆ ಕಣ್ಣುಮುಚ್ಚಿ ರುಜು ಹಾಕಿದ್ದ ಕೈ ಈಗ ಹಿಂದೆಗೆಯಿತು. ೧೯೩೯ರ ಜನವರಿ ೨೬ರಂದು ಬಾರ್ಸಿಲೋನಾ ಬಿದ್ದಿತು. ಚಳಿಯಲ್ಲಿ, ಮಳೆಯಲ್ಲಿ, ಗಂಟುಮೂಟೆ ಹೊತ್ತು ನಾಲ್ಕು ಲಕ್ಷಕ್ಕೂ ಮಿಕ್ಕ ಜನರು ಫ್ರಾನ್ಸಿನ ಗಡಿಯ ಕಡೆಗೆ ನಡೆದರು. ಫೆಬ್ರವರಿ ಎರಡನೆಯ ವಾರದಲ್ಲಿ ರೋಹೋನೂ ಗಡಿ ದಾಟಿದನು.

ನೆಗ್ರೀನ್ ವಿಮಾನವೇರಿ ಮತ್ತೆ ಮಧ್ಯ ಪ್ರಾಂತಕ್ಕೆ ಹೋದನು. ರೋಹೋ ಹೋಗಲಿಲ್ಲ. ಇನ್ನು ಕಾದಾಡುವುದೆಂದರೆ ಸುಮ್ಮನೆ ಜನರನ್ನು ಕೊಲ್ಲಿಸುವುದು, ಗಡಿ ದಾಟಿದ ಸೈನಿಕರು ಶಿಬಿರಗಳ ಮುಳ್ಳುತಂತಿಯ ಹಿಂದೆ ಮರಳಿನ ಮೇಲೆ ಮಲಗಿರುವಾಗ ಸರಕಾರವು ಅವರ ಯೋಗಕ್ಷೇಮವನ್ನು ನೋಡುತ್ತಿಲ್ಲ ಎಂಬುದು ಅವನ ವಾದವಾಗಿತ್ತು. ಅವನನ್ನು ಇದಕ್ಕಾಗಿ ನಿಂದಿಸಿದವರು ಅವನ ಪಕ್ಷದಲ್ಲಿಯೇ ಇದ್ದರು. ಯುದ್ಧವು ತೀರಿತೆಂಬ ಅವನ ಎಣಿಕೆ ಸರಿಯಾಗಿತ್ತೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಆದರೆ ಅಲ್ಕಾಸರ್‌ನಲ್ಲಿ ಗೆಳೆಯರ ಕೈಬಿಡಿಸಿಕೊಂಡು ಬಂದವನು, ಮ್ಯಾಡ್ರಿಡ್ ಇನ್ನೂ ಉಸಿರಾಡುತ್ತಿರುವಾಗ ಅಲ್ಲಿಗೆ ಮರಳದೆ ಹೋದುದು ಮನಸ್ಸಿಗೆ ಒಂದಿಷ್ಟು ಕಸಿವಿಸಿಯನ್ನುಂಟುಮಾಡುತ್ತದೆ.

ಬಳಿಕ ಪರದೇಶವಾಸ. ಸಂಸಾರದೊಡನೆ ಅರ್ಜೆಂಟೀನಾಕ್ಕೆ ಹೋಗಿ ಪತ್ರಿಕೆಗಳಿಗೆ ಲೇಖನ ಬರೆದು ಹೊಟ್ಟೆ ಹೊರೆದನು. ಆಮೇಲೆ ಬೊಲಿವಿಯಾ ದೇಶದ ಕೊಚಬಾಂಬಾ ನಗರದಲ್ಲಿ ಆ ದೇಶದ ಸೇನಾಧಿಕಾರಿಗಳಿಗೆ ಯುದ್ಧಶಾಸ್ತ್ರದ ಉಪಾಧ್ಯಾಯನಾದನು. ಹನ್ನೆರಡು ವರ್ಷಗಳಿಗೂ ಮಿಕ್ಕಿ ಕರಿಹಲಗೆಯ ಮುಂದೆ ನಿಂತನು. ಎತ್ತರದ ನಾಡು, ಅವನ ಶ್ವಾಸಕೋಶಗಳು ಕೆಟ್ಟವು. ಊರಿಗೆ ಮರಳಿ ಅಲ್ಲಿಯೇ ಕಣ್ಣುಮುಚ್ಚಬೇಕೆಂಬ ಹಂಬಲ ಬಲಿಯಿತು. ಪರಸ್ಥಳದಲ್ಲಿ ದುಡಿಯುವವರಿಗೆ ಈ ಹಂಬಲವನ್ನು ನಾವು ವಿವರಿಸಬೇಕಾಗಿಲ್ಲ. ನಡುವೆ ಕೆಲವರು ಮಾತುಕತೆಯಾಡಿ ಫ್ರಾಂಕೋನ ಸರಕಾರದ ಅನುಮತಿ ದೊರಕಿಸಿದರು. ೧೯೫೭ರ ಫೆಬ್ರವರಿಯಲ್ಲಿ ಅವನು ಸ್ಪೇನಿಗೆ ಮರಳಿದನು.

ಕೆಲವೇ ತಿಂಗಳಲ್ಲಿ ವಿಚಾರಣೆಯ ಕರೆ ಬಂದಿತು. ಸೈನಿಕ ನ್ಯಾಯಾಲಯವು ಅವನ ಮೇಲೆ ಹೊರಿಸಿದ ಆರೋಪ: ಸೈನಿಕ ದಂಗೆ. ದಂಗೆಯೆದ್ದವರು ನ್ಯಾಯಪೀಠದಲ್ಲಿ ಕುಳಿತಿದ್ದರು. ದಂಗೆಯೇಳದೆ ಕೆಲಸಕ್ಕೆ ಹಾಜರಾಗಿದ್ದವನು ಕಟಕಟೆಯಲ್ಲಿದ್ದನು. ಡಿಸೆಂಬರಿನಲ್ಲಿ ಮೂವತ್ತು ವರ್ಷಗಳ ಸೆರೆವಾಸದ ಶಿಕ್ಷೆ ಸಾರಲ್ಪಟ್ಟಿತು. ಮುದುಕನನ್ನು ಸೆರೆಗೆ ತಳ್ಳಲಿಲ್ಲ, ಕ್ಷಮಾದಾನ ಬಂದಿತು. ಆದರೆ ಶಿಕ್ಷೆಯ ಬಾಲವಾಗಿದ್ದ ನಿರ್ಬಂಧಗಳನ್ನು ತೆಗೆಯಲಿಲ್ಲ. ಸೇನಾಪದವಿ ಹೋಯಿತು, ನಾಗರಿಕ ಹಕ್ಕುಗಳು ಹೋದವು. ಸ್ವಂತ ಊರಿನಲ್ಲಿ ಅವನು ಕಾನೂನಿನ ಕಣ್ಣಿಗೆ ಇಲ್ಲದ ಮನುಷ್ಯನಾಗಿ, ಮ್ಯಾಡ್ರಿಡ್ಡಿನ ಒಂದು ಮನೆಯಲ್ಲಿ ಉಸಿರಿಗೆ ಏದುತ್ತ, ಮೇಜಿನ ಮುಂದೆ ಕುಳಿತು ಯುದ್ಧದ ಚರಿತ್ರೆಯನ್ನು ಬರೆಯುತ್ತಿದ್ದನು.

೧೯೬೬ರ ಜೂನ್ ೧೫ರಂದು, ತಾನು ಕಾಯ್ದ ನಗರದಲ್ಲಿಯೇ, ರೋಹೋ ತೀರಿಕೊಂಡನು. ಮ್ಯಾಡ್ರಿಡ್ ರಕ್ಷಣೆಯನ್ನು ಕುರಿತು ಅವನು ಬರೆದಿಟ್ಟಿದ್ದ ಪುಸ್ತಕ ಮರುವರ್ಷ ಅಚ್ಚಾಯಿತು; ಸ್ಪೇನಿನಲ್ಲಲ್ಲ, ಮೆಕ್ಸಿಕೋ ದೇಶದಲ್ಲಿ. ಅಂತರ್ಯುದ್ಧದ ಚರಿತ್ರೆಯ ಹಸ್ತಪ್ರತಿ ಅವನ ಸ್ವದೇಶದಲ್ಲಿ ಪುಸ್ತಕವಾಗಿ ಬಂದುದು ೨೦೧೦ರಲ್ಲಿ.